ಕೈರೋದಿಂದ ಬಂದ ಕ್ರ್ಯಾಂಕು

ನಾಲ್ಕನೆಯ ಸಿಲಿಂಡರಿನಲ್ಲೂ ಗೇಜಿನ ಮುಳ್ಳು ನಾಲ್ಕೂವರೆಗೆ ಬಂದು ಅಲ್ಲೇ ಕೂತಿತು. ಅಸ್ರಾತ್ ಗೇಜನ್ನು ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಪ್ಲಗ್ಗಿನ ತೂತಿಗೆ ಮತ್ತೆ ಒತ್ತಿ ಹಿಡಿದು, ಸ್ಟಾರ್ಟರ್ ತಿರುಗಿಸುವಂತೆ ಬೆಯೆನೆಗೆ ಕೈ ಮಾಡಿದ. ಎಂಜಿನ್ ಏದುಸಿರು ಬಿಟ್ಟ ಹಾಗೆ ನಾಲ್ಕಾರು ಸುತ್ತು ತಿರುಗಿತು. ಮತ್ತೆ ಅದೇ ನಾಲ್ಕೂವರೆ. ಗಟ್ಟಿ ಎಂಜಿನ್ನಾಗಿದ್ದರೆ ಅಡಿಸ್ ಅಬಾಬಾದಂಥ ಎತ್ತರದ ಊರಿನಲ್ಲೂ ಒಂಬತ್ತು ತೋರಿಸಬೇಕಿತ್ತು.

"ಏನಂತೆ?" ಎಂದು ಬೆಯೆನೆ ಸ್ಟೀರಿಂಗಿನ ಹಿಂದಿನಿಂದಲೇ ಕೇಳಿದ.

"ನಾಲ್ಕೂ ಒಂದೇ."

"ಕದ್ದೋನು ಲೆಕ್ಕಾಚಾರದೋನು. ನಾಲ್ಕರಲ್ಲೂ ಸಮವಾಗಿ ಕದ್ದಿದಾನೆ."

ಅಸ್ರಾತ್ ತಲೆಯೆತ್ತಿ ಬಿಸಿಲು ನೋಡಿದ. ಆಗಲೇ ಶುಕ್ರವಾರ ಹೊತ್ತು ಹುಟ್ಟಿ ನಾಲ್ಕು ಗಂಟೆ ಕಳೆದಿತ್ತು. ನಾಳೆ ಹೊತ್ತು ಹುಟ್ಟಿ ಮೂರು ಗಂಟೆಗೆ ಬೀದಿಯ ಹಿರಿಯರು ಅವನ ಗ್ಯಾರೇಜಿನ ಇದೇ ಅಂಗಳದಲ್ಲಿ ನ್ಯಾಯ ಹೇಳಲು ಬಂದು ಕೂರುತ್ತಾರೆ. ಅಷ್ಟರೊಳಗೆ ಬೆಯೆನೆಯ ಈ ನೀಲಿ ಬಿಳಿ ಲಾಡಾ ಟ್ಯಾಕ್ಸಿಯ ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ಅವನು ಹೇಳದಿದ್ದರೆ, ಲೇತ್ ಅಂಗಡಿಯ ಲೆಗೆಸೆ, ಮಿಕಾಯೇಲ್ ಚರ್ಚಿನ ಬಾಗಿಲು ಹಿಡಿದು, ತಾನು ಕದ್ದಿಲ್ಲ ಎಂದು ಆಣೆ ಮಾಡಬೇಕು.

ಆಣೆ ನಿಜವಾದದ್ದೋ ಸುಳ್ಳೋ ಎಂಬುದು ದೇವರಿಗೆ ಬಿಟ್ಟದ್ದು. ಆದರೆ ಬಾಗಿಲು ಹಿಡಿದವನ ಅಂಗಡಿಗೆ ಆಮೇಲೆ ಯಾರೂ ಕ್ರ್ಯಾಂಕು ಹೊತ್ತು ತರುವುದಿಲ್ಲ. ಸೊಮಾಲಿ ತೆರಾದ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಹಾಗೆ ಆಣೆ ಮಾಡಿದ ಇಬ್ಬರನ್ನು ಅಸ್ರಾತ್ ಕಣ್ಣಾರೆ ಕಂಡಿದ್ದ. ಒಬ್ಬ ಊರು ಬಿಟ್ಟ. ಇನ್ನೊಬ್ಬ ಈಗಲೂ ಇದ್ದಾನೆ, ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುತ್ತಾನೆ. ಲೆಗೆಸೆಗೆ ಅರವತ್ತೆಂಟು ವರ್ಷ. ಅಸ್ರಾತನಿಗೆ ಪಾನಾ ಹಿಡಿಯಲು ಕಲಿಸಿದವರು ಅವರೇ. ಒಂಬತ್ತು ವರ್ಷ ಅವರ ಲೇತಿನ ಪಕ್ಕದಲ್ಲಿ ನಿಂತು, ಅವರ ಮನೆಯ ಕಡಲೆಹಿಟ್ಟಿನ ಶಿರೊ ಉಂಡು ಬೆಳೆದವನು ಇವನು.

ಆದದ್ದು ಇಷ್ಟು. ಬೆಯೆನೆಯ ಲಾಡಾದ ಕ್ರ್ಯಾಂಕಿನಲ್ಲಿ, ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಬಾಗು ತೋಳಿನ ದಂಡದಲ್ಲಿ, ಕೂದಲೆಳೆಯ ಬಿರುಕು ಬಿಟ್ಟಿತ್ತು. ಒಳ್ಳೆಯ ಕ್ರ್ಯಾಂಕು ಸೊಮಾಲಿ ತೆರಾದಲ್ಲಿ ಸಿಗಲಿಲ್ಲ. ಬೆಯೆನೆಯ ತಂಗಿ ತ್ಸಿಗೆ ಕೈರೋದಲ್ಲಿ ಒಬ್ಬರ ಮನೆಯ ಮಕ್ಕಳನ್ನು ನೋಡಿಕೊಂಡು ಇರುವವಳು. ಕೈರೋದ ಬೀದಿಗಳಲ್ಲಿ ಇಂದಿಗೂ ಲಾಡಾಗಳು ಓಡುತ್ತವೆ, ಅಲ್ಲಿ ಪೆಟ್ಟಿಗೆ ಒಡೆಯದ ಹೊಸ ಮಾಲು ಸಿಗುತ್ತದೆ. ಏನು ಬೇಕೆಂದು ಅಸ್ರಾತನೇ ಒಂದು ಚೀಟಿಯಲ್ಲಿ ಬರೆದುಕೊಟ್ಟ. ತ್ಸಿಗೆ ಕೊಂಡು, ಊರಿಗೆ ಬರುವವರ ಕೈಯಲ್ಲಿ ಕಳಿಸಿದಳು. ಆ ವಾರ ಅಸ್ರಾತನಿಗೆ ಕೈ ತುಂಬ ಕೆಲಸ. ಹಾಗಾಗಿ ಬ್ಲಾಕು, ಹಳೆಯ ಪಿಸ್ಟನ್ನುಗಳು, ಡಬ್ಬಿ ಒಡೆಯದ ಕ್ರ್ಯಾಂಕು ಎಲ್ಲವನ್ನೂ ಲೆಗೆಸೆಯ ಅಂಗಡಿಗೆ ಕಳಿಸಿ, ಕೂರಿಸಿ ಹೆಡ್ ಮುಚ್ಚಿ ಕಳಿಸಿ ಎಂದಿದ್ದ. ಮುಚ್ಚಿದ ಎಂಜಿನ್ ಬಂತು. ಅದನ್ನು ಗಾಡಿಯಲ್ಲಿ ಇಳಿಸಿ ತಂತಿ ಕೊಳವೆ ಜೋಡಿಸಿದ್ದಷ್ಟೇ ಅಸ್ರಾತನ ಕೆಲಸ.

ಅಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಹೊರಟರೆ ಬ್ಯಾಟರಿ ಸಾಯುವವರೆಗೂ ಎಂಜಿನ್ ಹಿಡಿಯುವುದಿಲ್ಲ. ಹಿಡಿದರೂ ಪಿಕಪ್ ಇಲ್ಲ. ಪಿಯಾಸಾದ ಏರಿನಲ್ಲಿ ಪ್ರಯಾಣಿಕರೊಬ್ಬರು ಬೇಸತ್ತು ಇಳಿದು ನಡೆದುಹೋದರು, ಮೇಲೆ ಹೋಗಿ ನಿಂತು ಟ್ಯಾಕ್ಸಿಗಾಗಿ ಕಾದರು ಎಂದು ಬೆಯೆನೆ ಬೀದಿಗೆಲ್ಲ ಹೇಳಿಕೊಂಡು ಬಂದ. ಮೊದಲು ನಗುತ್ತಾ ಹೇಳುತ್ತಿದ್ದವನು ಆಮೇಲೆ ನಗುವುದನ್ನು ಬಿಟ್ಟ. ಕೈರೋದ ಹೊಸ ಕ್ರ್ಯಾಂಕನ್ನು ಲೆಗೆಸೆ ಮಾರಿಕೊಂಡು ಗುಜರಿಯದ್ದನ್ನು ತನ್ನ ಗಾಡಿಗೆ ತುರುಕಿದ್ದಾನೆ ಎಂದು ಹಿರಿಯರ ಬಳಿ ದೂರು ಹೇಳಿದ. ಎಂಜಿನ್ ಬಿಚ್ಚಿ ನೋಡೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. ಗುರು ಶಿಷ್ಯ ಸೇರಿಕೊಂಡು ಒಳಗೆ ಬದಲಾಯಿಸಿಬಿಟ್ಟರೆ ಏನು ಗತಿ ಎಂದು, ಹೆಂಡತಿಯ ಕೆಂಪು ಉಗುರುಬಣ್ಣ ತಂದು ಹೆಡ್ಡಿನ ಬೋಲ್ಟು, ಕೆಳಗಿನ ಎಣ್ಣೆ ಚೇಂಬರಿನ ಬೋಲ್ಟು, ಒಂದನ್ನೂ ಬಿಡದೆ ಬೊಟ್ಟಿಟ್ಟ. ಬಣ್ಣ ಒಡೆಯುವುದು ಹಿರಿಯರ ಮುಂದೆಯೇ. ಅಲ್ಲಿಯವರೆಗೆ ಅಸ್ರಾತ್ ಹೊರಗಿನಿಂದಲೇ ರೋಗ ಹುಡುಕಬೇಕು.

ಅವನು ಹುಡುಕಿದ. ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದ. ರಿಂಗು ಸೋರುತ್ತಿದ್ದರೆ ಎಣ್ಣೆ ಸಂದು ತುಂಬಿ ಮುಳ್ಳು ಮೇಲೇರಬೇಕು. ಏರಲಿಲ್ಲ. ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿ, ವಾಲ್ವುಗಳ ಕಡೆ ಕಿವಿಯಿಟ್ಟು ಕೇಳಿದ. ಎಲ್ಲೂ ಬುಸುಗುಡಲಿಲ್ಲ. ಮೇಲಿನ ಮುಚ್ಚಳ ತೆಗೆದು ಚೈನಿನ ಗುರುತು ನೋಡಿದ. ಒಂದು ಹಲ್ಲು ತಪ್ಪಿದ್ದರೂ ಹೀಗಾಗಬಹುದಿತ್ತು. ಗುರುತಿಗೆ ಗುರುತು ಕೂಡಿಕೊಂಡು ನಿಂತಿತ್ತು, ಪಾಠದ ಪುಸ್ತಕದಲ್ಲಿ ಇರುವ ಹಾಗೆ. ಎಲ್ಲವೂ ಸರಿಯಿದ್ದು ಎಂಜಿನ್ ಮಾತ್ರ ಸರಿಯಿಲ್ಲ. ಸೋರಿಕೆಯಾಗಿದ್ದರೆ ಒಂದರಲ್ಲಿ ಜಾಸ್ತಿ ಒಂದರಲ್ಲಿ ಕಮ್ಮಿ ಇರಬೇಕಿತ್ತು. ನಾಲ್ಕೂ ಕಡೆ ತಕ್ಕಡಿಯಲ್ಲಿ ತೂಗಿದ ಹಾಗೆ ಒಂದೇ ನಷ್ಟ ಇರುವುದನ್ನು ಅವನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

ಗೇಟಿನ ಬಳಿ ಕಾಫಿ ಮಾರುವ ಜೆನೆಬೆಚ್ ತಾನಾಗಿಯೇ ಒಂದು ಲೋಟ ತಂದಿಟ್ಟು, ಉಪವಾಸದ ದಿನ ಎಂದು ಹೊಟ್ಟೆಯನ್ನು ಇಷ್ಟು ಸುಡಬೇಡ ಎಂದು ಹೋದಳು. ಬೆಯೆನೆ ಗಡಿಯಾರ ನೋಡಿ, ಉಪವಾಸದ ಪೂಜೆಗೆ ಹೋಗಿ ಹೊತ್ತು ಹುಟ್ಟಿ ಒಂಬತ್ತನೆಯ ಗಂಟೆಗೆ ವಾಪಸು ಬರುವುದಾಗಿ ಹೇಳಿ ಎದ್ದ. ಹೋಗುವಾಗ ಚೇಂಬರಿನ ಬೋಲ್ಟುಗಳನ್ನು ಬಗ್ಗಿ ಎಣಿಸಿ, ಬೊಟ್ಟುಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡ.

"ಗಾಶೆ ಬೆಯೆನೆ, ನನ್ನ ಮೇಲೂ ನಂಬಿಕೆ ಇಲ್ವಾ?" ಎಂದ ಅಸ್ರಾತ್, ಹಿರಿಯರನ್ನು ಕರೆಯುವ ಗೌರವದ ಮಾತು ಬಿಡದೆ.

"ಇದೆ. ಅದಕ್ಕೇ ಬರೀ ಫೋಟೋ ತೆಗ್ದೆ. ಇಲ್ದಿದ್ರೆ ಇಲ್ಲೇ ಮಲಗ್ತಿದ್ದೆ."

ಅವನು ಹೋದ ಮೇಲೆ ಅಸ್ರಾತ್ ಕೈ ತೊಳೆದು ಲೆಗೆಸೆಯ ಅಂಗಡಿಗೆ ಹೊರಟ. ಬೆಯೆನೆ ದೂರು ಹೇಳಿದಂದಿನಿಂದ ಅವನು ಆ ಕಡೆ ತಲೆ ಹಾಕಿರಲಿಲ್ಲ. ಕಣ್ಣು ತಪ್ಪಿಸುತ್ತಿದ್ದಾನೆ ಎಂದು ಮುದುಕ ಅಂದುಕೊಂಡಿರಬೇಕು. ನಿಜವೂ ಅದೇ. ಬೆಯೆನೆಯ ಮಾತು ಸುಳ್ಳೆಂದು ಬಾಯಿ ಹೇಳುತ್ತಿದ್ದರೂ, ಲೆಗೆಸೆಯ ಹೆಂಡತಿ ಆರು ತಿಂಗಳಿಂದ ಆಸ್ಪತ್ರೆಗೆ ಅಲೆಯುತ್ತಿರುವುದು ಅಸ್ರಾತನ ತಲೆಯಿಂದ ಹೋಗಿರಲಿಲ್ಲ. ಬೇಕಾದಾಗ ಮನುಷ್ಯ ಏನು ಮಾಡುತ್ತಾನೋ ಯಾರಿಗೆ ಗೊತ್ತು ಎಂಬ ಒಂದು ಮಾತು ಒಳಗೆಲ್ಲೋ ಸದ್ದಿಲ್ಲದೆ ಕೂತಿತ್ತು.

ಲೆಗೆಸೆ ಲೇತಿನ ಮೇಲೆ ಬಗ್ಗಿದ್ದರು. ತಲೆ ಎತ್ತಲಿಲ್ಲ.

ಅಸ್ರಾತ್ ಕ್ಷೇಮ ಕೇಳಿದ, ಮನೆಯವರ ಆರೋಗ್ಯ ಕೇಳಿದ, ಉಪವಾಸ ಹೇಗೆ ನಡೆದಿದೆ ಎಂದು ಕೇಳಿದ. ಎಲ್ಲದಕ್ಕೂ ದೇವರ ದಯೆ ಎಂಬ ಒಂದೇ ಉತ್ತರ. ಕೊನೆಗೆ ಕೇಳಬಾರದ್ದನ್ನು ಕೇಳಿಯೇಬಿಟ್ಟ.

"ಗಾಶೆ, ಡಬ್ಬಿಯಲ್ಲಿ ಬಂದ ಕ್ರ್ಯಾಂಕೇ ತಾನೆ ಕೂರಿಸಿದ್ದು?"

ಲೆಗೆಸೆ ಲೇತು ನಿಲ್ಲಿಸಿದರು. ಅದು ಪೂರ್ತಿ ನಿಲ್ಲುವವರೆಗೂ ಕಾದರು.

"ಒಂಬತ್ತು ವರ್ಷ ನನ್ ಹತ್ರ ಇದ್ದೆ. ಈ ಪ್ರಶ್ನೇನ ಬೆಯೆನೆ ಕೇಳ್ದ, ನಂಗೆ ಏನೂ ಅನ್ನಿಸ್ಲಿಲ್ಲ. ಅವ್ನು ಹೊರಗಿನೋನು."

"ತಪ್ಪಾಯ್ತು ಗಾಶೆ. ನಾಳೆ ನಿಮ್ಮನ್ನ ಬಾಗಿಲಿಗೆ ಕರ್ಕೊಂಡು ಹೋಗೋದು ನಂಗೆ ಬೇಡ. ಅದಕ್ಕೇ ಕೇಳ್ತಿದೀನಿ."

"ಡಬ್ಬೀಲಿ ಬಂದಿದ್ದನ್ನೇ ಹಾಕಿದೀನಿ. ಹೋಗು."

ಅಸ್ರಾತ್ ಹೊಸ್ತಿಲು ದಾಟಿದ್ದ. ಹಿಂದಿನಿಂದ ಲೆಗೆಸೆ ತನಗೆ ತಾನೇ ಅಂದುಕೊಳ್ಳುವ ಹಾಗೆ ಇನ್ನೊಂದು ಮಾತು ಆಡಿದರು: ಎಂಜಿನ್ ಮೆತ್ತಗೆ ಮಾಡಿಸಿಕೊಂಡವರು ನೀವೇ, ಮೆತ್ತಗಾಯಿತು ಅಂತ ಅಳುವವರೂ ನೀವೇ. ಅಸ್ರಾತ್ ತಿರುಗಿ ನಿಂತು, ಮೆತ್ತಗೆ ಅಂದರೆ ಏನು ಎಂದು ಕೇಳಿದ.

"ಸೀಮೆಎಣ್ಣೆ ಬೆರೆಸಿ ಓಡ್ಸೋರು ಮಾಡ್ಸಲ್ವಾ? ಪಿಸ್ಟನ್ನು ಪೂರ್ತಿ ಮೇಲಕ್ಕೆ ಬರ್ದೆ ಕೆಳಗೇ ನಿಂತ್ಕೋಬೇಕು, ಎಂಜಿನ್ನು ಟಕಟಕ ಬಡಿಬಾರ್ದು ಅಂತ. ಇದರಲ್ಲೂ ಹಂಗೇ ನಿಂತಿತ್ತು. ಅಸ್ರಾತ್ ಕಳ್ಸಿದಾನೆ, ಯೋಚ್ನೆ ಮಾಡೇ ಕಳ್ಸಿರ್ತಾನೆ ಅಂದ್ಕೊಂಡು ಹೆಡ್ಡು ಮುಚ್ಚಿದೆ."

"ಎಷ್ಟು ಕೆಳಗೆ?"

ಲೆಗೆಸೆ ಕಿರುಬೆರಳಿನ ಉಗುರನ್ನು ತೋರಿಸಿದರು. ಆಮೇಲೆ ಲೇತು ಮತ್ತೆ ತಿರುಗತೊಡಗಿತು.

ಅಸ್ರಾತ್ ವಾಪಸು ಬರುವಾಗ ನಡೆಯುತ್ತಿದ್ದನೋ ಓಡುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. ಅಂಗಳದ ಮೂಲೆಯಲ್ಲಿದ್ದ ಮುರುಕು ಸೈಕಲ್ಲಿನ ಚಕ್ರದಿಂದ ಒಂದು ಕಡ್ಡಿ ಕಿತ್ತ. ಪ್ಲಗ್ಗಿನ ತೂತಿನಿಂದ ಇಳಿಬಿಟ್ಟು, ತುದಿ ಪಿಸ್ಟನ್ನಿನ ನೆತ್ತಿಗೆ ತಾಗಿದ ಮೇಲೆ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಕಡ್ಡಿ ಮೇಲೆದ್ದಿತು, ನಿಂತಿತು, ಇಳಿಯಿತು. ಅತಿ ಮೇಲೆ ಒಂದು, ಅತಿ ಕೆಳಗೆ ಒಂದು, ಎರಡು ಕಡೆ ಬ್ಲೇಡಿನಿಂದ ಗೀರಿದ. ಪಕ್ಕದ ಶೆಡ್ಡಿನಲ್ಲಿ ಬ್ರೇಕಿಗೆಂದು ಬಂದು ನಿಂತಿದ್ದ, ಇದೇ ಅಳತೆಯ ಎಂಜಿನ್ನಿನ ಇನ್ನೊಂದು ಲಾಡಾಕ್ಕೆ ಅದರ ಮಾಲೀಕನ ಅಪ್ಪಣೆ ಕೇಳಿ ಅದೇ ಕಡ್ಡಿ ಬಿಟ್ಟ. ತೂತು ಓರೆಯಾದದ್ದು, ಅಳತೆ ನಿಖರವಲ್ಲ. ಆದರೆ ಎರಡು ಗಾಡಿಯಲ್ಲೂ ಓರೆ ಒಂದೇ. ಆ ಲಾಡಾದಲ್ಲಿ ಪಿಸ್ಟನ್ನು ಬೆಯೆನೆಯದ್ದಕ್ಕಿಂತ ಹೆಚ್ಚುಕಮ್ಮಿ ಹದಿನಾಲ್ಕು ಮಿಲಿಮೀಟರ್ ಹೆಚ್ಚು ಓಡಾಡುತ್ತಿತ್ತು. ಮೇಲೆ ಒಂದು ಉಗುರು, ಕೆಳಗೆ ಒಂದು ಉಗುರು.

ಕ್ರ್ಯಾಂಕಿನ ತೋಳೇ ಗಿಡ್ಡ. ಇದು ಸಾವಿರದೈನೂರು ಸಿಸಿಯ ಎಂಜಿನ್, ಒಳಗಿರುವುದು ಸಾವಿರದಿನ್ನೂರರ ಕ್ರ್ಯಾಂಕು. ಕೂರುವ ಜಾಗ, ಬೇರಿಂಗು, ಪಿಸ್ಟನ್ ಕೋಲು ಎಲ್ಲ ಒಂದೇ ಆದ್ದರಿಂದ ತಕರಾರಿಲ್ಲದೆ ಕೂತುಕೊಳ್ಳುತ್ತದೆ, ತಿರುಗುತ್ತದೆ. ಗಾಳಿಯನ್ನು ಮಾತ್ರ ಹಿಂಡುವುದಿಲ್ಲ.

ಅವನಿಗೆ ಎದೆ ಹಗುರವಾಯಿತು. ಗುಜರಿಯದ್ದನ್ನು ತುರುಕುವವನು ಇದ್ದಬದ್ದ ಸಾವಿರದೈನೂರರದ್ದನ್ನೇ ತುರುಕುತ್ತಾನೆ, ಇಂಥ ಅಪರೂಪದ್ದನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾಳೆ ಚೇಂಬರ್ ಬಿಚ್ಚಿದರೆ ಹೊಚ್ಚ ಹೊಸ ಕ್ರ್ಯಾಂಕು ಕಾಣುತ್ತದೆ, ಲೆಗೆಸೆ ಗೆದ್ದರು. ಕೈರೋದವನು ತಪ್ಪು ಮಾಲು ಕೊಟ್ಟಿದ್ದಾನೆ, ಅಷ್ಟೇ. ಎಂಜಿನ್ ನಂಬರಿನಿಂದ ಇನ್ನೊಮ್ಮೆ ಖಾತ್ರಿ ಮಾಡಿಕೊಂಡರೆ ಹಿರಿಯರ ಮುಂದೆ ಗಟ್ಟಿಯಾಗಿ ಹೇಳಬಹುದು ಎಂದು ಅವನು ಡ್ಯಾಶ್‌ಬೋರ್ಡಿನ ಖಾನೆಯಿಂದ ಗಾಡಿಯ ಪುಸ್ತಕ ತೆಗೆದ.

ನಂಬರ್ ಸಾವಿರದೈನೂರರದ್ದೇ. ಅದರ ಮೇಲಿನ ಸಾಲಿನಲ್ಲಿ ವರ್ಷ ಇತ್ತು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕು.

ಅವನು ಪುಸ್ತಕ ಮುಚ್ಚಿ ಸೀಟಿನ ಮೇಲೆ ಕೂತ. ಮುಚ್ಚಿದ ಮೇಲೂ ಆ ನಾಲ್ಕು ಅಂಕಿ ಕಣ್ಣೆದುರಿಗೇ ಇದ್ದವು, ಯಾಕೆಂದರೆ ಚೀಟಿಯಲ್ಲಿ ಅವನ್ನು ಬರೆದವನು ಅವನೇ. ಬೋನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಆಚೆ ಇನ್ನೊಬ್ಬ ಗಿರಾಕಿ ಹಾರ್ನ್ ಹೊಡೆಯುತ್ತಿದ್ದಾಗ, ಪುಸ್ತಕ ನೋಡಿ ನಕಲು ಮಾಡಿದ್ದ: ಲಾಡಾ, ಎಪ್ಪತ್ತನಾಲ್ಕರದ್ದು, ಕ್ರ್ಯಾಂಕು. ಪುಸ್ತಕದಲ್ಲಿರುವುದು ನಮ್ಮ ದೇಶದ ಪಂಚಾಂಗದ ಎಪ್ಪತ್ತನಾಲ್ಕು. ಹೊರಗಿನವರ ಲೆಕ್ಕ ನಮಗಿಂತ ಏಳೆಂಟು ವರ್ಷ ಮುಂದೆ. ಕೈರೋದಲ್ಲಿ ಆ ಗಾಡಿ ಎಂಬತ್ತೆರಡರದ್ದು. ಅಂಗಡಿಯವನು ಚೀಟಿಯಲ್ಲಿದ್ದ ವರ್ಷ ನೋಡಿದ, ಅವನ ಎಪ್ಪತ್ತನಾಲ್ಕರಲ್ಲಿ ಬಂದ ಲಾಡಾ ಸಾವಿರದಿನ್ನೂರರದ್ದು, ಅದಕ್ಕೆ ಯಾವುದು ಬೇಕೋ ಅದನ್ನು ನ್ಯಾಯವಾಗಿ ಕೊಟ್ಟ. ಬೀದಿಯಲ್ಲಿ ಯಾರೂ ಇದನ್ನು ಯೋಚಿಸುವುದಿಲ್ಲ. ಇಲ್ಲಿ ಕೊಂಡು ಇಲ್ಲೇ ಹಾಕುವವರಿಗೆ ವರ್ಷ ಕೂಡಿಸುವ ಅಗತ್ಯವೇ ಬರುವುದಿಲ್ಲ. ಆದರೆ ಚೀಟಿ ಗಡಿ ದಾಟುತ್ತದೆ ಎಂದು ಅವನಿಗೆ ಗೊತ್ತಿತ್ತು.

ಬೆಯೆನೆ ಪೂಜೆ ಮುಗಿಸಿ ಬಂದು, ಬೊಟ್ಟುಗಳನ್ನು ಫೋಟೋದೊಂದಿಗೆ ಹೋಲಿಸಿ, ಏನಾದರೂ ಸಿಕ್ಕಿತೇ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದ ಅಸ್ರಾತ್.

ಮನೆಯಲ್ಲಿ ಹೆಂಡತಿ ಇಂಜೆರಾ ಬಡಿಸಿದಳು. ಚಿಕ್ಕ ಮಗಳು ಶಾಲೆಯ ಲೆಕ್ಕ ತಂದು ತೋರಿಸಿ ಸರಿಯಿದೆಯೇ ನೋಡಪ್ಪ ಎಂದಳು. ಅಮ್ಮನಿಗೆ ತೋರಿಸು ಎಂದು ಅವನು ಕೈ ತೊಳೆಯಲು ಎದ್ದುಹೋದ.

ಶನಿವಾರ ಅವನು ಬೇಗ ಬಂದು, ಅಕ್ಕಪಕ್ಕದವರ ಸಹಾಯದಿಂದ ಎಂಜಿನ್ನನ್ನು ಸರಪಳಿ ರಾಟೆಯಲ್ಲಿ ಎತ್ತಿ, ಎರಡು ದಿಮ್ಮಿಯ ಮೇಲೆ ತಲೆಕೆಳಗಾಗಿ ಇರಿಸಿದ. ಬೋಲ್ಟು ಒಂದನ್ನೂ ಮುಟ್ಟಲಿಲ್ಲ. ಹೊತ್ತು ಹುಟ್ಟಿ ಮೂರು ಗಂಟೆಗೆ ಹಿರಿಯರು ಮೂವರು ಬಿಳಿ ಗಾಬಿ ಶಾಲು ಹೊದ್ದು ಬಂದರು. ಅವರಲ್ಲಿ ಮಾತಾಡುವವರು ಆತೋ ಫಿಸ್ಸೆಹಾ, ನಿವೃತ್ತ ಬಸ್ ತಪಾಸಣೆಯವರು. ಬೆಂಚಿನ ಮೇಲೆ ಎಣ್ಣೆ ಇದೆಯೇ ಎಂದು ಬೆರಳಿಟ್ಟು ನೋಡಿಯೇ ಕೂತರು. ಲೆಗೆಸೆ ಹಬ್ಬದ ಕೋಟು ತೊಟ್ಟು ಬಂದಿದ್ದರು. ಚರ್ಚಿಗೆ ಹೊರಟವರ ಹಾಗೆ ಗಡ್ಡ ಹೆರೆದಿದ್ದರು. ಅಸ್ರಾತ್ ಪಾನಾ ಕೈಗೆತ್ತಿಕೊಂಡ.

ಬೊಟ್ಟುಗಳು ಒಡೆಯದೆ ಇವೆ ಎಂದು ಬೆಯೆನೆ ಒಪ್ಪಿಕೊಂಡ. ಅಸ್ರಾತ್ ಒಂದೊಂದೇ ಬೋಲ್ಟು ಬಿಚ್ಚಿದ. ಕೆಂಪು ಚೂರುಗಳು ಉದುರಿದವು. ಚೇಂಬರ್ ಎತ್ತಿದಾಗ ಎಲ್ಲರೂ ಬಗ್ಗಿದರು.

ಕ್ರ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಭುಜಕ್ಕೆ ಅಂಟಿದ್ದ ಕಾಗದದ ಚೂರಿನಲ್ಲಿ ಅರಬ್ಬಿ ಅಕ್ಷರಗಳು ಎಣ್ಣೆಯಲ್ಲಿ ನೆನೆದು ಅರ್ಧ ಉಳಿದಿದ್ದವು. ಬೆಯೆನೆ ಅದನ್ನೇ ನೋಡುತ್ತಾ ನಿಂತ. ಪೊಟ್ಟಣ ಬಂದಾಗ ಡಬ್ಬಿಯ ಮೇಲೆ ಅಂಥದೇ ಕಾಗದವನ್ನು ಅವನೇ ಕಂಡಿದ್ದ.

"ಇದು ಗುಜರಿಯದೇನಪ್ಪ?" ಎಂದರು ಆತೋ ಫಿಸ್ಸೆಹಾ.

"ಅಲ್ಲ," ಎಂದ ಬೆಯೆನೆ, ಬಾಯಿ ತೆರೆದೂ ತೆರೆಯದ ಹಾಗೆ.

ಲೆಗೆಸೆ ಕೋಟಿನ ಗುಂಡಿ ಬಿಚ್ಚಿದರು, ಬೇರೇನೂ ಮಾಡಲಿಲ್ಲ. ಅಸ್ರಾತ್ ಪಕ್ಕದವರಿಂದ ತಂದ ಹಳೆಯ ಸಾವಿರದೈನೂರರ ಕ್ರ್ಯಾಂಕನ್ನು ಬದಿಗಿಟ್ಟು, ತೋಳು ಎಲ್ಲಿ ಗಿಡ್ಡ, ಎಷ್ಟು ಗಿಡ್ಡ ಎಂದು ಹಿರಿಯರಿಗೆ ತೋರಿಸಿದ. ಬೇರೆ ಅಳತೆಯ ಮಾಲು ಬಂದುಬಿಟ್ಟಿದೆ ಎಂದ. ಹಾಗಾದರೆ ತಪ್ಪು ಯಾರದ್ದು ಎಂದು ಫಿಸ್ಸೆಹಾ ಕೇಳಿದರು. ಇನ್ನೊಬ್ಬ ಹಿರಿಯರು, ಕೈರೋದ ವ್ಯಾಪಾರಿ ಪರದೇಶದ ಹೆಂಗಸನ್ನು ನೋಡಿ ಮಾರಾಟವಾಗದ ಮಾಲು ಸಾಗಹಾಕಿದ್ದಾನೆ ಎಂದರು. ಸೇರಿದವರು ತಲೆಯಾಡಿಸಿದರು. ಎಲ್ಲರ ಮುಖದ ಬಿಗಿ ಸಡಿಲವಾಯಿತು. ಎಂದೂ ಯಾರ ಕಣ್ಣಿಗೂ ಬೀಳದ ಆ ವ್ಯಾಪಾರಿಯ ತಲೆಗೆ ತಪ್ಪು ಕಟ್ಟಿದರೆ ಇಲ್ಲಿ ಯಾರಿಗೂ ನೋವಿಲ್ಲ.

"ಇರಬಹುದು," ಎಂದ ಅಸ್ರಾತ್.

ಅಂದ ಕೂಡಲೇ ಲೆಗೆಸೆ ತನ್ನ ಕಡೆ ನೋಡಿದ್ದು ಅವನಿಗೆ ಗೊತ್ತಾಯಿತು. ಅವನು ಪಾನಾ ಒರೆಸತೊಡಗಿದ.

ಬೆಯೆನೆಗೆ ಮಾತ್ರ ಸಮಾಧಾನವಾಗಿರಲಿಲ್ಲ. ಇಷ್ಟು ದಿನ ಒಬ್ಬರ ಮೇಲೆ ಹೊರಿಸಿದ್ದನ್ನು ಹತ್ತು ಜನರ ಮುಂದೆ ಇಳಿಸಿಕೊಂಡವನಿಗೆ ಅದನ್ನು ಇಡಲು ಇನ್ನೊಂದು ಜಾಗ ಬೇಕಿತ್ತು. ಅವನು ಫೋನ್ ತೆಗೆದು ಕೈರೋಗೆ ಮಾಡಿ, ಹಿರಿಯರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ. ಆ ಕಡೆ ಒಂದು ಮಗು ಅಳುತ್ತಿತ್ತು. ಹಿಂದೆಯೇ ತ್ಸಿಗೆಯ ದನಿ, ಅಣ್ಣ, ಎಲ್ಲ ಕ್ಷೇಮವೇ ಎಂದು.

ಕ್ಷೇಮ ಎಲ್ಲಿಯದು ಎಂದು ಅವನು ಶುರು ಮಾಡಿದ. ಯಾವನೋ ಕೊಟ್ಟ ಕಸವನ್ನು ಹೊತ್ತು ಕಳಿಸಿದ್ದೀಯೆ, ನಿನ್ನಿಂದ ಒಬ್ಬ ಹಿರಿಯನನ್ನು ಕಳ್ಳ ಎಂದೆ, ಬೀದಿಯಲ್ಲಿ ನನ್ನ ಮುಖ ಹೋಯಿತು ಎಂದ. ತ್ಸಿಗೆ ನಡುವೆ ಏನೋ ಹೇಳಲು ಹೋದಳು.

"ಅಣ್ಣ, ಚೀಟೀಲಿ ಇದ್ದ ಹಾಗೇ ನಾನು…"

"ಚೀಟಿ ಓದೋಕೆ ನಿಂಗೆ ಬರುತ್ತಾ? ಐದನೇ ಕ್ಲಾಸಿಗೆ ಬಿಟ್ಟೋಳು ನೀನು. ನಿನ್ ಕೈಲಿ ತರ್ಸಿದ್ದು ನಂದೇ ತಪ್ಪು."

ಆ ಕಡೆಯಿಂದ ಮಗು ಅಳುವುದು ಮಾತ್ರ ಕೇಳುತ್ತಿತ್ತು, ಅದನ್ನು ಸುಮ್ಮನಿರಿಸಲು ಅವಳು ಬೆನ್ನು ತಟ್ಟುವ ಸದ್ದು.

ಅಸ್ರಾತ್ ಪಾನಾ ಕೆಳಗಿಟ್ಟು, ಎಣ್ಣೆ ಮೆತ್ತಿದ ಕೈಯನ್ನೇ ಚಾಚಿದ. "ಫೋನ್ ಕೊಡಿ, ಗಾಶೆ."

ಬೆಯೆನೆ ಕೊಡಲಿಲ್ಲ. ಅಸ್ರಾತ್ ಅವನ ಬೆರಳು ಬಿಡಿಸಿ ತೆಗೆದುಕೊಂಡ.

"ತಂಗಿ, ನಾನು ಅಸ್ರಾತ್, ಮೆಕ್ಯಾನಿಕ್. ಚೀಟಿ ಬರ್ದೋನು ನಾನು. ವರ್ಷ ನಮ್ಮ ಲೆಕ್ಕದ್ದು ಬರ್ದೆ, ಹೊರಗಿನೋರ ಲೆಕ್ಕಕ್ಕೆ ಕೂಡಿಸ್ಲಿಲ್ಲ. ಎಂಬತ್ತೆರಡು ಅಂತ ಬರೀಬೇಕಿತ್ತು. ನಿನ್ ತಪ್ಪಿಲ್ಲ. ಆ ಅಂಗಡಿಯೋನದೂ ಇಲ್ಲ. ನಂಗೆ ನಿನ್ನೇನೇ ಗೊತ್ತಾಯ್ತು."

ಅಂಗಳದಲ್ಲಿ ಯಾರೋ ಉಸಿರೆಳೆದುಕೊಂಡರು. ಆಮೇಲೆ ತ್ಸಿಗೆ ಆಡಿದ ಮಾತನ್ನು ಅವನು ಮುಂದೆ ಎಷ್ಟೋ ದಿನ ನೆನೆದ.

"ಆ ಅಂಗಡಿಯೋನು ಎರಡು ಸಲ ಕೇಳ್ದ, ಅಣ್ಣ. ಇದೇ ವರ್ಷಾನಾ, ಇಷ್ಟು ಹಳೇದಾ ಅಂತ. ನಮ್ಮೂರಿನ ದೊಡ್ಡ ಮೆಕ್ಯಾನಿಕ್ ಬರ್ದಿರೋದು, ಅವ್ರು ತಪ್ಪು ಬರೆಯಲ್ಲ ಅಂದೆ."

ಮಗು ಅಳುತ್ತಿದೆ, ಯಜಮಾನಿ ಕರೆಯುತ್ತಿದ್ದಾಳೆ ಎಂದು ಅವಳೇ ಫೋನ್ ಇಟ್ಟಳು.

ಬೆಯೆನೆ ಫೋನನ್ನು ವಾಪಸು ಪಡೆದು ಕಿಸೆಗೆ ಹಾಕಿಕೊಂಡ. ಅವನು ಕೂಗಾಡುತ್ತಾನೆಂದು ಎಲ್ಲರೂ ಕಾದಿದ್ದರು. ಅವನು ಕೂಗಲಿಲ್ಲ. ನಿನ್ನೆ ಗೊತ್ತಾಯಿತು ಅಂದೆಯಲ್ಲ, ಈಗ ತಾನೆ ಇರಬಹುದು ಅಂದೆಯಲ್ಲ, ಎರಡೂ ನಿನ್ನದೇ ಬಾಯಾ ಎಂದು ಮೆಲ್ಲಗೆ ಕೇಳಿದ. ಹೌದು ಎಂದ ಅಸ್ರಾತ್. ಇನ್ನು ನಿನ್ನ ಅಂಗಳಕ್ಕೆ ಗಾಡಿ ತರುವವರು ಅದನ್ನು ನೆನಪಿಡಬೇಕು ಎಂದ ಬೆಯೆನೆ.

ಆತೋ ಫಿಸ್ಸೆಹಾ ಕೋಲು ಊರಿ ಎದ್ದರು. ಬಾಗಿಲು ಹಿಡಿಯುವ ಮಾತು ಇಲ್ಲಿಗೆ ಮುಗಿಯಿತು ಎಂದರು. ಬೆಯೆನೆ ಲೆಗೆಸೆಯ ಮೊಣಕಾಲು ಮುಟ್ಟಿ ಕ್ಷಮೆ ಕೇಳಬೇಕು, ತಂಗಿಗೆ ಇವತ್ತೇ ಮತ್ತೆ ಫೋನ್ ಮಾಡಬೇಕು. ಕ್ರ್ಯಾಂಕು ಹುಡುಕಿ ತಂದು ಗಾಡಿ ಏರು ಹತ್ತುವವರೆಗೂ ಅಸ್ರಾತ್ ಬೇರೆ ಕೆಲಸ ಹಿಡಿಯಬಾರದು. ಇಷ್ಟು ಹೇಳಿ ಅವರು ಅಸ್ರಾತನ ಕಡೆ ತಿರುಗಿದರು.

"ಗುರುವಿನ ಹೆಸರು ಹೋಗ್ತಿದ್ರೂ ಬಾಯಿ ಮುಚ್ಕೊಂಡು ಒಂದು ರಾತ್ರಿ ಕಳ್ದೆ. ಅದಕ್ಕೆ ಏನು ಮಾಡ್ಬೇಕು ಅಂತ ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ತಪ್ಪು ಮಾಡಿದವನು ಕತ್ತಿನ ಮೇಲೆ ಕಲ್ಲು ಹೊತ್ತು ಬಗ್ಗಿ ನಿಲ್ಲಬೇಕು. ನೊಂದವನು ಮನಸ್ಸಾದಾಗ ಅದನ್ನು ಇಳಿಸಬೇಕು. ಅಸ್ರಾತ್ ಸುತ್ತ ನೋಡಿದ. ಅಂಗಳದಲ್ಲಿ ಇದ್ದದ್ದು ಒಂದೇ ಕಲ್ಲು, ಬೆಯೆನೆಯ ಲಾಡಾದ ಹಿಂದಿನ ಚಕ್ರ ಉರುಳದಂತೆ ಅಡ್ಡ ಕೊಟ್ಟದ್ದು. ಅವನು ಅದನ್ನೇ ಎತ್ತಿದ. ಎಂಜಿನ್ ಇಲ್ಲದ ಹಗುರ ಗಾಡಿ ಗೇಟಿನ ಕಡೆಗೆ ಮೆಲ್ಲಗೆ ಜಾರತೊಡಗಿತು. ಬೆಯೆನೆ ಓಡಿಹೋಗಿ ಬಾಗಿಲೊಳಗೆ ಕೈ ತೂರಿಸಿ ಹ್ಯಾಂಡ್‌ಬ್ರೇಕ್ ಎಳೆದ. ಜೆನೆಬೆಚ್ ಕಾಫಿಯ ಹೂಜಿ ಎತ್ತಿಕೊಂಡು ಪಕ್ಕಕ್ಕೆ ಹಾರಿದಳು. ನಗಬೇಕಾದ ಸಂಗತಿಯೇ, ಆದರೆ ಯಾರೂ ನಗಲಿಲ್ಲ.

ಅಸ್ರಾತ್ ಕಲ್ಲನ್ನು ಕತ್ತಿನ ಹಿಂದೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಲೆಗೆಸೆಯ ಮುಂದೆ ಬಗ್ಗಿ ನಿಂತ. ಅವನಿಗೆ ಕಾಣುತ್ತಿದ್ದದ್ದು ಅವರ ಬೂಟುಗಳು ಮಾತ್ರ. ಇವತ್ತಿಗೆಂದು ಮಸಿ ಹಾಕಿ ಉಜ್ಜಿದ್ದರು. ಬೂಟುಗಳು ಅಲುಗಲಿಲ್ಲ. ಕಲ್ಲಿನ ಒರಟು ಅಂಚು ಚರ್ಮಕ್ಕೆ ಇಳಿಯಿತು. ಬೆನ್ನು ನಡುಗತೊಡಗಿತು. ಬೀದಿಯಲ್ಲಿ ಒಂದು ಮಿನಿಬಸ್ಸು ಊರುಗಳ ಹೆಸರು ಕೂಗುತ್ತಾ ಹೋಯಿತು, ಅದರ ಹಿಂದೆ ಇನ್ನೊಂದು. ಇಳಿಸುವುದಿಲ್ಲವೇನೋ ಎಂದು ಅವನಿಗೆ ಅನ್ನಿಸಿತು. ಇಳಿಸದಿದ್ದರೂ ನ್ಯಾಯವೇ ಎಂದೂ ಅನ್ನಿಸಿತು.

"ನನ್ ಹೆಂಡ್ತಿಗೆ ಹುಷಾರಿಲ್ಲ ಅಂತ, ನಾನೇ ಕದ್ದಿರ್ಬಹುದು ಅಂದ್ಕೊಂಡಿದ್ಯಾ?" ಎಂದರು ಲೆಗೆಸೆ. ಅವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿ.

ಅಸ್ರಾತ್ ನೆಲ ನೋಡುತ್ತಲೇ ಹೇಳಿದ. "ಅಂದ್ಕೊಂಡಿದ್ದೆ ಗಾಶೆ."

ಆಮೇಲೆ ಲೇತು ಹಿಡಿದು ಗಟ್ಟಿಯಾದ ಎರಡು ಕೈಗಳು ಅವನ ಕೈಗಳ ಮೇಲೆ ಬಂದವು. ಭಾರ ಎದ್ದಿತು. ಲೆಗೆಸೆ ಕಲ್ಲನ್ನು ಕೋಟಿಗೆ ತಾಗದ ಹಾಗೆ ದೂರ ಹಿಡಿದು, ಕಷ್ಟಪಟ್ಟು ಬಗ್ಗಿ ನೆಲಕ್ಕಿಟ್ಟರು. ಹಿರಿಯರು ಆಶೀರ್ವಾದದ ಮಾತು ಹೇಳಿದರು. ಅಸ್ರಾತ್ ನೆಟ್ಟಗೆ ನಿಲ್ಲಲು ಎರಡು ಸಲ ಪ್ರಯತ್ನ ಪಡಬೇಕಾಯಿತು.

ಲೆಗೆಸೆ ಅವನ ಮುಖ ನೋಡಲಿಲ್ಲ. ತಲೆಕೆಳಗಾಗಿ ಬಿದ್ದಿದ್ದ ಎಂಜಿನ್ನಿನ ಹತ್ತಿರ ಹೋಗಿ, ಹೊಸ ಕ್ರ್ಯಾಂಕಿನ ಮೇಲೆ ಹೆಬ್ಬೆರಳು ಆಡಿಸಿದರು.

"ಪಿಸ್ಟನ್ನು ಕೆಳಗೆ ನಿಂತಿದ್ದು ನಾನು ನೋಡ್ದೆ, ಕೇಳ್ಲಿಲ್ಲ," ಎಂದರು. "ಕ್ರ್ಯಾಂಕು ಸಿಕ್ಕಿದ್ ದಿನ ಅಂಗಡಿಗೆ ತಗೊಂಡ್ ಬಾ. ಈ ಸಲ ಕೇಳ್ತೀನಿ. ನಿಂಗೆ ಕೋಪ ಬಂದ್ರೂ ಕೇಳ್ತೀನಿ."